ಅಕ್ಕಿ ಕೊಟ್ಟೆವು, ಮುಖ ಕೇಳಿದೆವು

2020ರ ಏಪ್ರಿಲ್ ತಿಂಗಳು. ಲಾಕ್‌ಡೌನ್ ಶುರುವಾಗಿ ಮೂರು ವಾರ ಕಳೆದಿತ್ತು. ಹಳಿಯಾಳ ತಾಲೂಕಿನ ಕಾಡಂಚಿನ ಒಂದು ಸಿದ್ದಿ ವಾಡೆಗೆ ನಾವು ನಾಲ್ವರು ಹೋಗಿದ್ದೆವು. ಎರಡು ಬೈಕು, ಹಿಂದೆ ಒಂದು ಟಂಟಂ. ಟಂಟಂ ತುಂಬ ರೇಷನ್ ಕಿಟ್. ಒಂದೊಂದು ಚೀಲದಲ್ಲಿ ಐದು ಕಿಲೊ ಅಕ್ಕಿ, ಒಂದು ಕಿಲೊ ತೊಗರಿಬೇಳೆ, ಒಂದು ಲೀಟರ್ ಎಣ್ಣೆ, ಉಪ್ಪು, ಖಾರದಪುಡಿ, ಎರಡು ಸೋಪು.

ಜನರನ್ನು ಸಾಲಾಗಿ ನಿಲ್ಲಿಸಿದೆವು. ಹೆಸರು ಕರೆದೆವು. ಚೀಲದ ಒಂದು ತುದಿ ನಾವು ಹಿಡಿದು ಇನ್ನೊಂದು ತುದಿ ಅವರ ಕೈಗೆ ಕೊಟ್ಟು, ಮಾಸ್ಕ್ ಸ್ವಲ್ಪ ಕೆಳಗೆ ಮಾಡಿ ಎಂದು ಹೇಳಿ ಫೋಟೊ ತೆಗೆದೆವು. ಆಗ ಎಲ್ಲರೂ ಹಾಗೇ ಮಾಡುತ್ತಿದ್ದರು. ನಿಮ್ಮೂರಿನಲ್ಲೂ ನೋಡಿರುತ್ತೀರಿ.

ಹನ್ನೊಂದನೆಯ ಹೆಸರು ಒಬ್ಬ ಆಯಿಯದು. ಎಪ್ಪತ್ತು ದಾಟಿದ ವಯಸ್ಸು, ಕೊರಳಲ್ಲಿ ಕಪ್ಪು ದಾರಕ್ಕೆ ಕಟ್ಟಿದ ಸಣ್ಣ ಶಿಲುಬೆ. ಚೀಲ ಇಸಿದುಕೊಂಡರು, ಫೋನ್ ಎತ್ತಿದ ಕೂಡಲೇ ಸೆರಗು ಎಳೆದು ಮುಖ ಮುಚ್ಚಿಕೊಂಡರು.

"ಫೋಟೊ ಬ್ಯಾಡ ತಮ್ಮಾ. ಅಕ್ಕಿ ಕೊಟ್ರಿ, ತಗೊಂಡೆ. ದೇವ್ರು ನಿಮಗ ಚಲೋ ಮಾಡ್ಲಿ. ಮಾರಿ ಯಾಕ ಬೇಕು? ಅಕ್ಕಿಗೆ ಮಾರಿ ಕೊಡಬೇಕೇನು?"

ನಾವು ನಕ್ಕೆವು. "ದುಡ್ಡು ಕೊಟ್ಟವರಿಗೆ ಲೆಕ್ಕ ತೋರಿಸಬೇಕಲ್ಲ ಆಯಿ" ಅಂದೆವು.

"ಲೆಕ್ಕ ಬರಕೋರಿ. ಹೆಬ್ಬೆಟ್ಟು ಒತ್ತತೇನಿ" ಅಂದರು.

ಒತ್ತಿದರು, ಚೀಲ ಹೊತ್ತುಕೊಂಡು ಹೊರಟರು. ಅಜ್ಜಿಗೆ ಫೋಟೊ ಅಂದರೆ ಹೆದರಿಕೆ ಎಂದು ನಾವೇ ನಮ್ಮೊಳಗೆ ಮಾತಾಡಿಕೊಂಡೆವು. ಹೆದರಿಕೆಯಲ್ಲ ಅದು ಎಂದು ತಿಳಿಯಲು ನಮಗೆ ಎರಡು ತಿಂಗಳು ಹಿಡಿಯಿತು.

ನಾವು ಯಾರು

ಧಾರವಾಡದಲ್ಲಿ ಒಟ್ಟಿಗೆ ಓದಿದವರು ನಾವು. ಪತ್ರಿಕೋದ್ಯಮ ಕಲಿತು ಊರಿಗೆ ಮರಳಿದವರು. ದಾಂಡೇಲಿಯವನ ಅಜ್ಜ ಕಾಗದ ಕಾರ್ಖಾನೆಯ ಕೆಲಸಕ್ಕೆಂದು ಆಂಧ್ರದಿಂದ ಬಂದವರು, ತೆಲುಗು ಕ್ರೈಸ್ತ ಕುಟುಂಬ. ಹಳಿಯಾಳದವಳು ಸಿದ್ದಿ ಕಥೋಲಿಕ ಮನೆಯ ಮಗಳು. ಜೋಯಿಡಾದವನು ಕುಣಬಿ. ಮುಂಡಗೋಡದವಳು ಲಂಬಾಣಿ ತಾಂಡಾದವಳು. ಇಬ್ಬರು ಚರ್ಚಿಗೆ ಹೋಗುವವರು, ಇಬ್ಬರು ಅಲ್ಲ. ಆದರೆ ಆ ವರ್ಷ ನಮಗೆ ಕೊಡುವುದನ್ನು ಕಲಿಸಿದವರು ಬಹುಪಾಲು ಯೇಸುವನ್ನು ನಂಬಿದ ಜನ. ಅದಕ್ಕೇ ಈ ಬರಹ.

ಕಿಟ್‌ಗಳ ದುಡ್ಡು ನಮ್ಮದಲ್ಲ. ಬೆಂಗಳೂರು, ಪುಣೆ, ದುಬೈಯಲ್ಲಿರುವ ಪರಿಚಯದವರಿಂದ ಸೇರಿಸಿದ್ದು. ನಮ್ಮ ಪಾಲಿನದು ಓಡಾಟ ಮಾತ್ರ. ಆದರೂ ಸಂಜೆ ಫೋಟೊ ಹಾಕಿದಾಗ ಬಂದ ಮೆಚ್ಚುಗೆಯೆಲ್ಲ ನಮಗೇ. ಒಂದೊಂದು ಮೆಚ್ಚುಗೆಗೂ ಎದೆ ಸ್ವಲ್ಪ ಸ್ವಲ್ಪ ಉಬ್ಬುತ್ತಿತ್ತು. ಇದನ್ನು ಒಪ್ಪಿಕೊಳ್ಳದೆ ಮುಂದಿನದನ್ನು ಹೇಳಲು ಆಗುವುದಿಲ್ಲ.

ಒಂದು ಫೋಟೊ ಮಾಡಿದ ಕೆಲಸ

ಅದೇ ವಾರ ಇನ್ನೊಂದು ಊರಿನಲ್ಲಿ ಒಬ್ಬ ಗೌಂಡಿಗೆ ಕಿಟ್ ಕೊಟ್ಟಿದ್ದೆವು. ನಮ್ಮ ಕಡೆಯ ಎಷ್ಟೋ ಜನರ ಹಾಗೆ ಅವರೂ ಗೋವಾದಲ್ಲಿ ದುಡಿಯುತ್ತಿದ್ದರು. ಕೆಲಸ ನಿಂತು, ಬಸ್ಸು ನಿಂತು, ಬಹಳ ದೂರ ನಡೆದೇ ಊರು ಸೇರಿದ್ದರು. ಅವರ ಫೋಟೊ ಚೆನ್ನಾಗಿ ಬಂದಿತ್ತು. ಬೆಳಕು ಮುಖದ ಮೇಲೆ ಬಿದ್ದಿತ್ತು, ಕಣ್ಣು ತುಂಬಿದ್ದವು. ಅದನ್ನೇ ಎಲ್ಲಕ್ಕಿಂತ ಮೇಲೆ ಹಾಕಿದೆವು.

ಫೋಟೊ ಒಂದು ಗುಂಪಿನಿಂದ ಇನ್ನೊಂದು ಗುಂಪಿಗೆ ಹೋಯಿತು. ಯಾರೋ ಅದರ ಕೆಳಗೆ ಹಾಸ್ಯದ ಮಾತು ಬರೆದರು. ಹಾಗೇ ತಿರುಗಿ ತಿರುಗಿ ಅವರ ಮಗಳಿಗೆ ಸಂಬಂಧ ಕೇಳಿದ್ದ ಮನೆಯವರ ಫೋನಿಗೂ ಬಂತು. ಅವರು ಏನೂ ಅನ್ನಲಿಲ್ಲ. ಮಾತುಕತೆ ಮಾತ್ರ ಅಲ್ಲಿಗೇ ನಿಂತಿತು.

ನಮಗೆ ಇದ್ಯಾವುದೂ ಗೊತ್ತಿರಲಿಲ್ಲ. ಜೂನ್ ತಿಂಗಳಲ್ಲಿ ಕೆಲಸ ಮತ್ತೆ ಶುರುವಾದ ಮೇಲೆ ಆ ಗೌಂಡಿ ನಮ್ಮನ್ನು ಹುಡುಕಿಕೊಂಡು ಬಂದರು. ಕೂಡ್ರಿ ಅಂದರೂ ಕೂಡಲಿಲ್ಲ. ಕಿಸೆಯಿಂದ ದುಡ್ಡು ತೆಗೆದು ಎಣಿಸಿ ಮೇಜಿನ ಮೇಲೆ ಇಟ್ಟರು. 650 ರೂಪಾಯಿ.

"ಅಂಗಡ್ಯಾಗ ಕೇಳೀನ್ರಿ. ನೀವು ಕೊಟ್ಟ ಸಾಮಾನಿಗೆ ಇಷ್ಟ ಆಗತೈತಿ ಅಂದ್ರು. ನನ್ನ ಸಾಲ ತೀರ್ತು. ಈಗರ ಆ ಫೋಟೊ ತೆಗೀರಿ."

ನಮ್ಮ ಪುಟದಿಂದ ತೆಗೆದೆವು. ಊರೂರು ತಿರುಗಿದ ಫೋಟೊವನ್ನು ಎಲ್ಲಿಂದ ತೆಗೆಯುವುದು? ಹಾಗೆಂದು ಹೇಳಿದೆವು. ಅವರು ಸುಮ್ಮನೆ ತಲೆ ಆಡಿಸಿ ಹೋದರು. ದುಡ್ಡು ವಾಪಸ್ ಕೊಡಲು ಬೆನ್ನು ಹತ್ತಿದೆವು, ತಿರುಗಿಯೂ ನೋಡಲಿಲ್ಲ.

ಆ 650 ರೂಪಾಯಿ ಬಹಳ ದಿನ ನಮ್ಮ ಮೇಜಿನ ಡ್ರಾದಲ್ಲೇ ಇತ್ತು. ಖರ್ಚು ಮಾಡಲು ಕೈ ಬರಲಿಲ್ಲ. ನಾವು ದಾನ ಅಂದುಕೊಂಡು ಕೊಟ್ಟದ್ದು ಅವರ ಲೆಕ್ಕದಲ್ಲಿ ಸಾಲವಾಗಿತ್ತು. ಅದಕ್ಕೆ ಬಡ್ಡಿಯಾಗಿ ಅವರ ಮುಖ ತೆಗೆದುಕೊಂಡಿದ್ದೆವು. ಆಯಿ ಕೇಳಿದ್ದೂ ಇದನ್ನೇ ಅಲ್ಲವೇ?

ಆಯಿಯ ಮನೆಯಲ್ಲಿ

ಮತ್ತೆ ಆ ವಾಡೆಗೆ ಹೋದೆವು. ಈ ಸಲ ಟಂಟಂ ಇಲ್ಲ, ಕಿಟ್ ಇಲ್ಲ. ಮಳೆ ಹಿಡಿದಿತ್ತು. ಆಯಿ ಅಂಗಳದ ಮಾಡಿನ ಕೆಳಗೆ ಕೂತು ಕೌದಿ ಹೊಲಿಯುತ್ತಿದ್ದರು.

ಸಿದ್ದಿ ಹೆಂಗಸರ ಕೌದಿಯ ಬಗ್ಗೆ ಎರಡು ಮಾತು ಹೇಳಬೇಕು. ಹಳೆ ಸೀರೆ, ಹಳೆ ಅಂಗಿಯ ತುಂಡುಗಳನ್ನು ಅಂಚಿನಿಂದ ಹೊಲಿಯುತ್ತ ನಡುವಿಗೆ ಬರುತ್ತಾರೆ. ಕಥೋಲಿಕ ಮನೆಗಳಲ್ಲಿ ಕೆಲವರು ಶಿಲುಬೆಯ ಆಕಾರದ ತುಂಡನ್ನೂ ಸೇರಿಸುತ್ತಾರೆ. ಮೂಲೆಗೆ ಮಡಿಚಿದ ಸಣ್ಣ ತುಂಡುಗಳನ್ನು ಇಟ್ಟು ಹೊಲಿಯುತ್ತಾರೆ, ಅದು ಹೂವು. ಆ ಹೂವು ಇಲ್ಲದಿದ್ದರೆ ಕೌದಿ ಬರಿಮೈಯಲ್ಲಿದ್ದಂತೆ. ಈ ಕೌದಿಗಳು ಅಮೆರಿಕದ ಪ್ರದರ್ಶನಗಳವರೆಗೂ ಹೋಗಿವೆ. ಆದರೆ ಮನೆಯಲ್ಲಿ ಹೊಲಿಯುವುದು ಹೆಚ್ಚಾಗಿ ಹುಟ್ಟಿದ ಮೊಮ್ಮಕ್ಕಳಿಗೆ, ಬಾಣಂತಿಗೆ, ಮನೆಗೆ ಬಂದವರಿಗೆ. ಹರಿದದ್ದೇ ಕೂಡಿ ಇನ್ನೊಬ್ಬರಿಗೆ ಬೆಚ್ಚಗಾಗುತ್ತದೆ.

ನಾವು ಕ್ಷಮೆ ಕೇಳಲು ಬಂದಿದ್ದೇವೆ ಎಂದಾಗ ಆಯಿಗೆ ಯಾಕೆಂದೇ ತಿಳಿಯಲಿಲ್ಲ. ಗೌಂಡಿಯ ಕತೆ ಹೇಳಿದೆವು. ಸೂಜಿ ನಿಲ್ಲಿಸಿ ಕೇಳಿದರು. ಅಷ್ಟರಲ್ಲಿ ಪಕ್ಕದ ಗೌಳಿ ದಡ್ಡಿಯ ಒಬ್ಬ ಹುಡುಗಿ ತಂಬಿಗೆಯಲ್ಲಿ ಮಜ್ಜಿಗೆ ತಂದು ಒಳಗಿಟ್ಟು ಹೋದಳು. ಅವಳ ತಾಯಿ ಹಿಂದೆಯೇ ಬಂದು ಮಾತಿಗೆ ನಿಂತರು. ಆಗ ಗೊತ್ತಾದದ್ದು ಇದು.

ನಾವು ಕೊಟ್ಟ ಐದು ಕಿಲೊ ಅಕ್ಕಿಯಲ್ಲಿ ಅರ್ಧ ಅದೇ ಸಂಜೆ ಗೌಳಿಗಳ ಮನೆಗೆ ಹೋಗಿತ್ತು. ಹೋಟೆಲು, ಚಹಾದಂಗಡಿ ಮುಚ್ಚಿ ಅವರ ಹಾಲು ಹೋಗುತ್ತಿರಲಿಲ್ಲ. ಹಾಲಿತ್ತು, ಅನ್ನವಿರಲಿಲ್ಲ. ನಮ್ಮ ಪಟ್ಟಿಯಲ್ಲಿ ಅವರ ಹೆಸರೂ ಇರಲಿಲ್ಲ. ವಾಡೆಯ ಜನರ ಹೆಸರು ಬರೆದುಕೊಂಡ ನಾವು, ನೂರು ಹೆಜ್ಜೆ ಆಚೆಯ ದಡ್ಡಿಯನ್ನು ನೋಡಿಯೇ ಇರಲಿಲ್ಲ.

"ಆಯಿ, ನಮಗೆ ಹೇಳಿದ್ದರೆ ಅವರಿಗೂ ಒಂದು ಚೀಲ ಕೊಡುತ್ತಿದ್ದೆವಲ್ಲ" ಅಂದೆವು.

"ನೀವು ಬರೋತನಕ ಅವ್ರ ಮಕ್ಕಳು ಉಪಾಸ ಇರಬೇಕೇನು? ನಿಮ್ಮ ಪಟ್ಟಿ ನಿಮಗ, ನನ್ನ ಪಟ್ಟಿ ನನಗ" ಅಂದು ನಕ್ಕರು.

ಒಲೆಯ ಪಕ್ಕ ಒಂದು ಸಣ್ಣ ಗಡಿಗೆ ತೋರಿಸಿದರು. ದಿನಾ ಅನ್ನಕ್ಕೆ ಅಕ್ಕಿ ಅಳೆದ ಮೇಲೆ ಅದರಿಂದ ಒಂದು ಹಿಡಿ ತೆಗೆದು ಅದರಲ್ಲಿ ಹಾಕುವುದು ಅವರ ರೂಢಿ. ತುಂಬಿದಾಗ ಯಾರಿಗೆ ಬೇಕೋ ಅವರಿಗೆ ಹೋಗುತ್ತದೆ. "ಯಾರು ಕಲಿಸಿದರು?" ಎಂದು ಕೇಳಿದೆವು. ಅತ್ತೆ ಅಂದರು. ಅತ್ತೆಗೆ ಯಾರು ಕಲಿಸಿದರು? "ಅಕಿಗೂ ಯಾರರ ಮಾಡಿ ತೋರಿಸಿರಬೇಕು" ಅಂದರು. ಅಷ್ಟೇ.

ನಮ್ಮ ಹಳಿಯಾಳದವಳು ಮನೆಗೆ ಬರುವಾಗ ದಾರಿಯುದ್ದಕ್ಕೂ ಮಾತಾಡಲಿಲ್ಲ. ಸಿದ್ದಿಗಳ ಪೂರ್ವಜರನ್ನು ಪೂರ್ವ ಆಫ್ರಿಕದಿಂದ ಗುಲಾಮರಾಗಿ ತಂದರು. ಪೋರ್ಚುಗೀಸರ ಗೋವಾದಿಂದ ತಪ್ಪಿಸಿಕೊಂಡವರು ಈ ಘಟ್ಟದ ಕಾಡಿಗೆ ಬಂದರು. ಪರಿಶಿಷ್ಟ ಪಂಗಡ ಎಂದು ಸರ್ಕಾರ ಗುರುತಿಸಿದ್ದು 2003ರಲ್ಲಿ. ಮನುಷ್ಯರಿಗೆ ಬೆಲೆ ಕಟ್ಟಿದ್ದನ್ನು ಕಂಡ ಜನ ಅವರು. "ಅಕ್ಕಿಗೆ ಮಾರಿ ಕೊಡಬೇಕೇನು ಅಂತ ನಮ್ಮವರೇ ಕೇಳಬೇಕಿತ್ತು. ನಾನು ಅಲ್ಲೇ ಫೋನ್ ಹಿಡಕೊಂಡು ನಿಂತಿದ್ದೆ" ಎಂದು ಅವಳು ರಾತ್ರಿ ಹೇಳಿದಳು.

ಹೆಸರಿಲ್ಲದ ವಿಧವೆ

ಆ ರಾತ್ರಿ ದಾಂಡೇಲಿಯವನು ತನ್ನ ಬೈಬಲ್ ತೆಗೆದ. ಯೇಸು ದೇವಾಲಯದ ಕಾಣಿಕೆಪೆಟ್ಟಿಗೆಯ ಎದುರು ಕೂತು ನೋಡುತ್ತಿದ್ದ ಪ್ರಸಂಗ ಮಾರ್ಕನ 12ನೆಯ ಅಧ್ಯಾಯದಲ್ಲಿ ಬರುತ್ತದೆ. ಹಣವಂತರು ಬಹಳ ಹಾಕುತ್ತಾರೆ. ಒಬ್ಬ ಬಡ ವಿಧವೆ ಬಂದು ಎರಡು ಕಾಸು ಹಾಕುತ್ತಾಳೆ. ಎಲ್ಲರಿಗಿಂತ ಹೆಚ್ಚು ಹಾಕಿದವಳು ಈಕೆ ಎಂದು ಯೇಸು ಶಿಷ್ಯರಿಗೆ ಹೇಳುತ್ತಾನೆ. ಉಳಿದವರು ಹೆಚ್ಚಾದದ್ದರಲ್ಲಿ ಕೊಟ್ಟರು, ಈಕೆ ಬದುಕಿಗೆಂದು ಇದ್ದದ್ದನ್ನೇ ಕೊಟ್ಟಳು.

ಮುಂಡಗೋಡದವಳು ಒಂದು ಪ್ರಶ್ನೆ ಕೇಳಿದಳು. ದಾನ ಗುಟ್ಟಾಗಿರಬೇಕು ಎಂದು ಹೇಳಿದವನೂ ಇದೇ ಯೇಸು ಅಲ್ಲವೇ? ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎಂದು ನಮ್ಮ ಹಿರಿಯರೂ ಹೇಳುತ್ತಾರೆ. ಮತ್ತಾಯನ 6ನೆಯ ಅಧ್ಯಾಯದಲ್ಲೂ ಆ ಮಾತಿದೆ. ಹಾಗಾದರೆ ಈ ವಿಧವೆಯ ವಿಷಯವನ್ನು ಅವನೇ ಎಲ್ಲರಿಗೂ ಯಾಕೆ ಹೇಳಿದ? ಎಲ್ಲರೂ ಗುಟ್ಟಾಗಿ ಕೊಟ್ಟರೆ ಒಬ್ಬರನ್ನು ನೋಡಿ ಇನ್ನೊಬ್ಬರು ಕಲಿಯುವುದು ಹೇಗೆ?

ನಾವು ಬಹಳ ಹೊತ್ತು ಮಾತಾಡಿದೆವು. ಕೊನೆಗೆ ಜೋಯಿಡಾದವನು ಕೇಳಿದ: "ಆಕೆಯ ಹೆಸರೇನು?"

ಹುಡುಕಿದೆವು. ಇಲ್ಲ. ಮಾರ್ಕನಲ್ಲಿ ಇಲ್ಲ, ಲೂಕನಲ್ಲೂ ಇಲ್ಲ. ಯಾವ ಊರು, ಯಾರ ಹೆಂಡತಿ, ನೋಡಲು ಹೇಗಿದ್ದಳು, ಏನೂ ಇಲ್ಲ. ಎರಡು ಸಾವಿರ ವರ್ಷದಿಂದ ಲೋಕವೆಲ್ಲ ಹೇಳುತ್ತಿರುವ ಸುದ್ದಿ ಇದು, ಆದರೆ ಆ ಹೆಣ್ಣುಮಗಳನ್ನು ಯಾರೂ ಬೆರಳು ತೋರಿಸಿ ಗುರುತಿಸಲಾರರು. ಆಕೆ ಮಾಡಿದ್ದು ಉಳಿದಿದೆ. ಆಕೆಯ ಮುಖ ಆಕೆಯ ಹತ್ತಿರವೇ ಉಳಿದಿದೆ.

ಪತ್ರಿಕೋದ್ಯಮದ ತರಗತಿಯಲ್ಲಿ ನಮಗೆ ಯಾರು, ಏನು, ಎಲ್ಲಿ, ಯಾವಾಗ ಎಂದು ಬರೆಯಲು ಕಲಿಸಿದ್ದರು. ಕೆಲವು ಸುದ್ದಿಯಲ್ಲಿ 'ಏನು' ಎಂಬುದು ಮಾತ್ರ ಸಾಕು, 'ಯಾರು' ಎಂಬುದು ಬೇಡ ಎಂದು ಕಲಿತದ್ದು ಆ ರಾತ್ರಿ. ಈ ಬರಹದಲ್ಲಿ ಆಯಿಯ ಹೆಸರಿಲ್ಲ, ವಾಡೆಯ ಹೆಸರೂ ಇಲ್ಲ. ಕಾರಣ ಇದೇ.

ಪ್ಯಾರಿಸ್ಸಿನ ಹುಡುಗರು

ನಮ್ಮಂಥ ಹುಡುಗರು ಮೊದಲೂ ಇದ್ದರು ಎಂದು ಆಮೇಲೆ ಓದಿ ತಿಳಿದೆವು. 1833ರಲ್ಲಿ ಪ್ಯಾರಿಸ್ ನಗರದಲ್ಲಿ ಫ್ರೆಡೆರಿಕ್ ಓಜನಾಮ್ ಎಂಬ ವಿದ್ಯಾರ್ಥಿ ಇದ್ದ. ಹಿಂದಿನ ವರ್ಷವಷ್ಟೇ ಅಲ್ಲಿ ಕಾಲರಾ ಬಂದು ಸಾವಿರಾರು ಜನ ಸತ್ತಿದ್ದರು. ಕ್ರೈಸ್ತ ಧರ್ಮದ ಪರವಾಗಿ ಚೆನ್ನಾಗಿ ವಾದ ಮಾಡುತ್ತಿದ್ದ ಓಜನಾಮ್‌ಗೆ ಎದುರಾಳಿಯೊಬ್ಬ ಕೇಳಿದನಂತೆ: ಹಿಂದೆ ನಿಮ್ಮ ಧರ್ಮ ಬಹಳ ಮಾಡಿರಬಹುದು, ಈಗ ಬಡವರಿಗಾಗಿ ನೀವು ಏನು ಮಾಡುತ್ತಿದ್ದೀರಿ?

ಆ ಪ್ರಶ್ನೆ ಅವನಿಗೆ ನಾಟಿತು. ಏಪ್ರಿಲ್ 23ರಂದು, ಅವನಿಗೆ ಇಪ್ಪತ್ತು ತುಂಬಿದ ದಿನವೇ, ಕೆಲವು ಗೆಳೆಯರು ಸೇರಿದರು. ಸೇರಿದ್ದು ಎಲ್ಲಿ ಗೊತ್ತೇ? ಎಮಾನುಯೆಲ್ ಬೈಯಿ ಎಂಬ ಹಿರಿಯರ ಪತ್ರಿಕಾ ಕಚೇರಿಯಲ್ಲಿ! ಇದನ್ನು ಓದಿದಾಗ ನಮಗೆ ಒಂಥರಾ ಖುಷಿಯಾಯಿತು, ನಾಚಿಕೆಯೂ ಆಯಿತು.

ಆ ಹುಡುಗರಿಗೆ ಹುಮ್ಮಸ್ಸಿತ್ತು, ಕೊಡುವ ಬಗೆ ಗೊತ್ತಿರಲಿಲ್ಲ. ಅದನ್ನು ಕಲಿಸಿದವರು ರೊಸಾಲಿ ರೆಂದು ಎಂಬ ಸಿಸ್ಟರ್. ಪ್ಯಾರಿಸ್ಸಿನ ಬಡ ಕೇರಿಯಲ್ಲಿ ದಶಕಗಟ್ಟಲೆ ದುಡಿದವರು. ಯಾವ ಮನೆಗೆ ಹೋಗಬೇಕು, ಹೇಗೆ ಮಾತಾಡಬೇಕು, ಹೇಗೆ ಕೇಳಿಸಿಕೊಳ್ಳಬೇಕು ಎಂದು ಅವರ ಹಿಂದೆ ನಡೆದೇ ಹುಡುಗರು ಕಲಿತರು. ಬಡವರನ್ನು ಸಾಲಿಗೆ ನಿಲ್ಲಿಸಲಿಲ್ಲ, ತಾವೇ ಅವರ ಮನೆಗೆ ಹೋದರು. ಅದರಿಂದ ಹುಟ್ಟಿದ್ದು ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆ. ಇವತ್ತು ಲೋಕದ ಎಷ್ಟೋ ದೇಶಗಳಲ್ಲಿ, ಕರ್ನಾಟಕದ ಅನೇಕ ಚರ್ಚುಗಳಲ್ಲಿ ಅದು ಕೆಲಸ ಮಾಡುತ್ತಿದೆ.

ಅವರಲ್ಲಿ ಒಂದು ಪದ್ಧತಿ ಇದೆ. ಸಭೆ ಮುಗಿಯುವಾಗ ಒಂದು ಚೀಲ ಕೈಯಿಂದ ಕೈಗೆ ಹೋಗುತ್ತದೆ. ಪ್ರತಿಯೊಬ್ಬರೂ ಒಳಗೆ ಕೈ ಹಾಕುತ್ತಾರೆ. ಯಾರು ಎಷ್ಟು ಹಾಕಿದರು, ಯಾರು ಏನೂ ಹಾಕಲಿಲ್ಲ ಎಂಬುದು ಪಕ್ಕದವರಿಗೂ ತಿಳಿಯುವುದಿಲ್ಲ. ಇದನ್ನು ನೆನಪಿನಲ್ಲಿಡಿ, ಕೊನೆಯಲ್ಲಿ ಮತ್ತೆ ಬರುತ್ತದೆ.

ಔಷಧಿ ಅಂಗಡಿಯ ಖಾತೆ

ಅದೇ ವರ್ಷದ ಕೊನೆಗೆ ದಾಂಡೇಲಿಯವನ ತಂದೆಗೆ ಲಕ್ವ ಹೊಡೆಯಿತು. 1955ರಲ್ಲಿ ಸ್ಥಾಪನೆಯಾದ ಕಾಗದ ಕಾರ್ಖಾನೆಯಲ್ಲಿ ಅಪ್ಪನ ನಂತರ ತಾವೂ ದುಡಿದು ನಿವೃತ್ತರಾದವರು. ಮಾತು ಕಡಿಮೆ. ಭಾನುವಾರ ಚರ್ಚಿನಲ್ಲಿ ಲಕೋಟೆ ಹಾಕುವುದನ್ನು ಮಗ ನೋಡಿದ್ದ. ಅಷ್ಟೇ ಅವನಿಗೆ ಗೊತ್ತಿದ್ದದ್ದು.

ಆಸ್ಪತ್ರೆಯಿಂದ ಮನೆಗೆ ತಂದ ಮೇಲೆ ಔಷಧಿ ಅಂಗಡಿಯವರು ಮನೆಗೆ ಬಂದರು. ಸಂಕೋಚದಿಂದ ಒಂದು ಸಣ್ಣ ನೋಟ್‌ಬುಕ್ ತೆಗೆದರು. ಐದಾರು ವರ್ಷಗಳಿಂದ ಅಪ್ಪ ಪ್ರತಿ ತಿಂಗಳು ಪಿಂಚಣಿ ಬಂದ ದಿನ ಅಂಗಡಿಯಲ್ಲಿ ಸ್ವಲ್ಪ ದುಡ್ಡು ಇಟ್ಟು ಬರುತ್ತಿದ್ದರು. ಸಕ್ಕರೆ ಕಾಯಿಲೆ, ಬಿಪಿ ಗುಳಿಗೆಗೆ ದುಡ್ಡು ಸಾಲದೆ ಅರ್ಧ ಮಾತ್ರ ಕೊಂಡು ಹೋಗುವವರು ಬಂದರೆ ಉಳಿದರ್ಧ ಅದರಿಂದ. ಅವರಿಗೆ ಹೇಳಬೇಕಾದ ಮಾತನ್ನೂ ಅಪ್ಪನೇ ಹೇಳಿಕೊಟ್ಟಿದ್ದರು: ನಿಮ್ಮದು ಹಿಂದಿನ ಚಿಲ್ಲರೆ ಬಾಕಿ ಇತ್ತು, ಅದರಲ್ಲಿ ಹಿಡಿದುಕೊಂಡಿದ್ದೇವೆ.

"ಮುಂದಿನ ತಿಂಗಳು ಏನ್ ಮಾಡ್ಲಿ ಅಂತ ಕೇಳಾಕ ಬಂದೆ. ನಾಕು ಮಂದಿ ಅದಾರ" ಅಂದರು ಅಂಗಡಿಯವರು.

ಅಪ್ಪ ಹಾಸಿಗೆಯಲ್ಲಿ ಮಲಗಿ ಕೇಳುತ್ತಿದ್ದರು. ಮಾತು ಹೊರಡುತ್ತಿರಲಿಲ್ಲ. ಮಗ ಅವರ ಕಡೆ ನೋಡಿದ. ಗುಟ್ಟು ಹೊರಬಿದ್ದದ್ದಕ್ಕೆ ಅಪ್ಪನ ಮುಖದಲ್ಲಿ ಸಿಟ್ಟಿತ್ತು ಎಂದು ಅವನು ಈಗಲೂ ಹೇಳುತ್ತಾನೆ.

ಆ ನೋಟ್‌ಬುಕ್ ಈಗ ಮಗನ ಹತ್ತಿರ ಇದೆ. ಗೌಂಡಿಯ 650 ರೂಪಾಯಿ ಮೊದಲು ಹೋದದ್ದು ಅಲ್ಲಿಗೇ.

ಕೊಡುವುದು ಬೇರೆ, ಕಿತ್ತುಕೊಳ್ಳುವುದು ಬೇರೆ

ಜೋಯಿಡಾದವನಿಗೆ ಈ ಮಾತುಗಳಲ್ಲಿ ಒಂದು ಅನುಮಾನ ಇತ್ತು. ನಮ್ಮ ತಾಲೂಕಿಗೆ ಯಾವಾಗಲೂ 'ಕೊಡಿ, ತ್ಯಾಗ ಮಾಡಿ' ಎಂದೇ ಹೇಳುತ್ತ ಬಂದಿದ್ದಾರೆ ಎನ್ನುತ್ತಿದ್ದ. ಕಾಳಿ ನದಿಗೆ ಕಟ್ಟಿದ ಸೂಪಾ ಅಣೆಕಟ್ಟು 101 ಮೀಟರ್ ಎತ್ತರ. ಸೂಪಾ ಊರೇ ಮುಳುಗಿತು. ತಾಲೂಕು ಕೇಂದ್ರ ಜೋಯಿಡಾಕ್ಕೆ ಬಂತು, ಎಷ್ಟೋ ಮನೆಗಳು ರಾಮನಗರಕ್ಕೆ ಹೋದವು. ನಾಡಿಗೆ ಬೆಳಕು ಬಂತು ನಿಜ. ಆದರೆ ಕಳೆದುಕೊಂಡವರನ್ನು ದಾನಿಗಳು ಎಂದು ಹೊಗಳಿದರೆ ಅದು ನ್ಯಾಯವೇ?

ಅವನ ಮಾತು ಸರಿ. ಸಂತ ಪೌಲ ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ 8 ಮತ್ತು 9ನೆಯ ಅಧ್ಯಾಯ ಪೂರ್ತಿ ಕೊಡುವುದರ ಬಗ್ಗೆಯೇ ಇದೆ. ಒತ್ತಾಯಕ್ಕೆ ಕೊಡಬೇಡಿ, ಮನಸ್ಸಿನಲ್ಲಿ ನೊಂದು ಕೊಡಬೇಡಿ ಎಂದು ಅಲ್ಲಿ ಹೇಳುತ್ತಾನೆ. ಮಕೆದೋನ್ಯದ ಸಭೆಗಳ ಉದಾಹರಣೆ ಕೊಡುತ್ತಾನೆ. ಅವರೇ ಕಡುಬಡವರು, ಆದರೂ ಜೆರುಸಲೇಮಿನವರ ನೆರವಿನಲ್ಲಿ ನಮಗೂ ಪಾಲು ಕೊಡಿ ಎಂದು ಬೇಡಿಕೊಂಡರಂತೆ. ಒಬ್ಬರಲ್ಲಿ ಹೆಚ್ಚಿದ್ದದ್ದು ಇನ್ನೊಬ್ಬರ ಕೊರತೆಗೆ, ಮುಂದೆ ಅವರದು ಇವರ ಕೊರತೆಗೆ, ಹೀಗೆ ಸಮ ಆಗಬೇಕು ಎನ್ನುವುದು ಅವನ ಮಾತಿನ ಹುರುಳು. ಆಯಿಯ ಅಕ್ಕಿ, ಗೌಳಿಗಳ ಮಜ್ಜಿಗೆ ನಮಗೆ ನೆನಪಾದವು.

ಇದರ ಇನ್ನೊಂದು ಮುಖವನ್ನು ಜೋಯಿಡಾದಲ್ಲೇ ಕಂಡೆವು. ಅವನ ಮನೆಗೆ ಹೋದಾಗಲೆಲ್ಲ ಅವನ ತಾಯಿ ಕಾಡಿನಂಚಿನ ಹಿತ್ತಲಲ್ಲಿ ಬೆಳೆದ ಗಡ್ಡೆ-ಗೆಣಸು ಕಟ್ಟಿ ಕೊಡುತ್ತಾರೆ. ಕುಣಬಿಗಳ ಗಡ್ಡೆಗಳು ಈಗ ಜೋಯಿಡಾದ ಮೇಳದಿಂದ ಹೆಸರುವಾಸಿ, ಒಳ್ಳೆಯ ಬೆಲೆಯೂ ಇದೆ. ನಾವು ಬೇಡ ಬೇಡ ಎನ್ನುತ್ತಿದ್ದೆವು. ಒಮ್ಮೆ ಅವರು ಬೇಸರದಿಂದ, "ನೀವು ಊರಿಗೆಲ್ಲ ಕೊಡಬಹುದು, ನಾವು ನಿಮಗೆ ಕೊಡಬಾರದೇ?" ಎಂದು ಕೇಳಿದರು. ಕೊಡಲು ಮಾತ್ರ ಗೊತ್ತಿದ್ದು ತೆಗೆದುಕೊಳ್ಳಲು ಬಾರದವರು ಇನ್ನೂ ಪೂರ್ತಿ ಕಲಿತಿಲ್ಲ ಎಂದು ಅವತ್ತು ತಿಳಿಯಿತು.

ಮುಂಡಗೋಡದವಳ ಪಾಠ ಬೇರೆ. ಅಲ್ಲಿ ಯೇಸುಸಭೆಯ ಪಾದ್ರಿಗಳು ನಡೆಸುವ ಲೊಯೋಲಾ ವಿಕಾಸ ಕೇಂದ್ರ ಇದೆ. ಸಿದ್ದಿ, ಗೌಳಿ, ಲಂಬಾಣಿ ಜನರ ನಡುವೆ ಅವರ ಕೆಲಸ. "ಬೇರೆ ಊರುಗಳಿಂದ ಬಂದು, ನಮ್ಮ ಮಕ್ಕಳ ಜೊತೆ ಕೂತು, ನಮ್ಮ ಮಾತು ಕಲಿತ ಜನ ಇದ್ದಾರೆ. ಅಕ್ಕಿ ಒಂದು ತಿಂಗಳಿಗೆ ಮುಗಿಯುತ್ತದೆ, ವರ್ಷಗಳನ್ನು ಕೊಟ್ಟವರ ಲೆಕ್ಕ ಹೇಗೆ ಇಡುವುದು?" ಎನ್ನುತ್ತಾಳೆ. ಅದೇ ಮುಂಡಗೋಡದ ನೆಲ 1966ರಿಂದ ಟಿಬೆಟಿನ ನಿರಾಶ್ರಿತರಿಗೂ ಮನೆಯಾಗಿದೆ. ಒಳ್ಳೆಯತನ ಯಾವ ಒಂದು ಧರ್ಮದ ಹೊಲದಲ್ಲಷ್ಟೇ ಬೆಳೆಯುವುದಿಲ್ಲ. ಆದರೆ ತಮ್ಮ ಹೊಲದಲ್ಲಿ ಬಿತ್ತಿದ್ದನ್ನು ಚೆನ್ನಾಗಿ ಬೆಳೆದವರನ್ನು ಕಂಡಾಗ ಬೀಜ ಕೇಳಿ ತರುವುದರಲ್ಲಿ ತಪ್ಪೇನು?

ಎರಡನೆಯ ಸಲ

2021ರ ಬೇಸಿಗೆಯಲ್ಲಿ ಎರಡನೆಯ ಅಲೆ ಬಂತು. ಮತ್ತೆ ಊರು ಮುಚ್ಚಿತು. ಮತ್ತೆ ನಾವು ಸೇರಿದೆವು. ಈ ಸಲ ನಾಲ್ಕು ನಿಯಮ ಮಾಡಿಕೊಂಡೆವು.

ಒಂದು, ಮುಖದ ಫೋಟೊ ಇಲ್ಲ. ದುಡ್ಡು ಕೊಟ್ಟವರಿಗೆ ಅಂಗಡಿಯ ರಸೀದಿ, ಚೀಲಗಳ ಎಣಿಕೆ ಸಾಕು. ಇದನ್ನು ಹೇಳಿದಾಗ ಇಬ್ಬರು ದಾನಿಗಳು ಹಿಂದೆ ಸರಿದರು. ಹೋಗಲಿ ಎಂದೆವು.

ಎರಡು, ಸಾಲು ಇಲ್ಲ. ಕತ್ತಲಾದ ಮೇಲೆ ಮನೆಯ ಹಿತ್ತಲಿಗೆ ಹೋಗಿ ಕೊಡುವುದು.

ಮೂರು, ಪಟ್ಟಿ ನಾವು ಮಾಡುವುದಲ್ಲ. ಪ್ರತಿ ಊರಿನಲ್ಲಿ ಆಯಿಯಂಥವರು ಒಬ್ಬರಾದರೂ ಇರುತ್ತಾರೆ, ಯಾರ ಒಲೆ ಉರಿದಿಲ್ಲ ಎಂದು ಅವರಿಗೆ ಗೊತ್ತಿರುತ್ತದೆ. ಅವರನ್ನು ಕೇಳುವುದು.

ನಾಲ್ಕು, ಮೊದಲು ನಮ್ಮ ಕೈಯಿಂದ. ನಾವು ನಾಲ್ವರೂ ಮನೆಯಲ್ಲಿ ಹಿಡಿ ಅಕ್ಕಿಯ ಗಡಿಗೆ ಇಟ್ಟೆವು. ಇದು ನಮ್ಮ ಆಯಿಯ ಮನೆಯದಷ್ಟೇ ಪದ್ಧತಿ ಅಲ್ಲ. ಮಿಜೋರಾಮಿನಲ್ಲಿ ಕ್ರೈಸ್ತ ಹೆಂಗಸರು 1910ರ ಸುಮಾರಿಗೆ ಇದೇ ಥರ ಶುರು ಮಾಡಿದರು. ಪ್ರತಿ ಸಲ ಅಡುಗೆಗೆ ಮುಂಚೆ ಒಂದು ಹಿಡಿ ಅಕ್ಕಿ ಬೇರೆ ತೆಗೆದಿಡುವುದು, ವಾರಕ್ಕೊಮ್ಮೆ ಚರ್ಚಿನವರು ಅದನ್ನು ಕೂಡಿಸಿ ಮಾರುವುದು. ನೂರು ವರ್ಷ ದಾಟಿಯೂ ನಡೆದಿದೆ. ಕೋಟಿಗಟ್ಟಲೆ ರೂಪಾಯಿ ಹಾಗೆ ಹಿಡಿ ಹಿಡಿಯಾಗಿ ಸೇರುತ್ತದೆ.

ನಮ್ಮ ಗಡಿಗೆ ಅಷ್ಟು ದೊಡ್ಡದಲ್ಲ. ಕೆಲವು ದಿನ ಹಾಕಲು ಮರೆಯುತ್ತೇವೆ. ಒಮ್ಮೆ ತಿಂಗಳ ಕೊನೆಗೆ ಮನೆಯಲ್ಲಿ ಅಕ್ಕಿ ಮುಗಿದಾಗ ಮುಂಡಗೋಡದವಳ ತಾಯಿ ಆ ಗಡಿಗೆಯಿಂದಲೇ ತೆಗೆದು ಅನ್ನ ಮಾಡಿದರಂತೆ. ಅವಳು ನಾಚುತ್ತ ಹೇಳಿದಳು. ಅದರಲ್ಲಿ ನಾಚಿಕೆ ಏನು? ಅವತ್ತು ಯಾರ ಒಲೆ ಉರಿಯಬೇಕಿತ್ತೋ ಅವರ ಒಲೆ ಉರಿಯಿತು.

ಮತ್ತೆ ಒಂದು ಚೀಲವನ್ನೂ ಹೊಲಿಸಿದೆವು, ಪ್ಯಾರಿಸ್ಸಿನ ಹುಡುಗರ ಹಾಗೆ. ದಪ್ಪ ಬಟ್ಟೆಯದು, ಒಳಗೆ ಕಾಣುವುದಿಲ್ಲ. ತಿಂಗಳಿಗೊಮ್ಮೆ ನಾವು ಸೇರಿದಾಗ ಅದು ಕೈಯಿಂದ ಕೈಗೆ ಹೋಗುತ್ತದೆ.

ಕಳೆದ ವರ್ಷ ಮಳೆಗಾಲದ ಒಂದು ಸಂಜೆ ನಾವು ಸೇರಿದ್ದಾಗ ಬಾಗಿಲಲ್ಲಿ ಯಾರೋ ಕೊಡೆ ಮಡಿಚಿದ ಸದ್ದಾಯಿತು. ಆ ಗೌಂಡಿ. ಮಗಳ ಮದುವೆ ಬೇರೆ ಕಡೆ ಆಗಿದೆ ಎಂದು ಹೇಳಿ ಕರದಂಟು ಕೊಟ್ಟರು. ನಾವು ಬೇಡ ಎನ್ನಲಿಲ್ಲ. ಈ ಸಲ ಕೂಡ್ರಿ ಅನ್ನುವ ಮೊದಲೇ ಕೂತರು. ಹಳೆಯ ಮಾತು ನಾವೂ ಎತ್ತಲಿಲ್ಲ, ಅವರೂ ಎತ್ತಲಿಲ್ಲ. ಕ್ಷಮಿಸಿದ್ದಾರೋ ಇಲ್ಲವೋ ಕೇಳುವ ಧೈರ್ಯ ಇನ್ನೂ ಬಂದಿಲ್ಲ.

ಅಷ್ಟರಲ್ಲಿ ಚೀಲ ತಿರುಗುತ್ತ ಅವರ ಹತ್ತಿರ ಬಂತು. ಏನು ಎಂದು ಕೇಳಿದರು, ಹೇಳಿದೆವು. ಅವರೂ ಕೈ ಒಳಗೆ ಹಾಕಿ ತೆಗೆದು ಮುಂದಿನವರಿಗೆ ಕೊಟ್ಟರು.

ಎಷ್ಟು ಹಾಕಿದರು, ಹಾಕಿದರೋ ಇಲ್ಲವೋ ನಮಗೆ ಗೊತ್ತಿಲ್ಲ. ಗೊತ್ತಾಗಬಾರದು ಎಂದೇ ಅಲ್ಲವೇ ಆ ಚೀಲ ಹೊಲಿಸಿದ್ದು.

ನಿಮ್ಮೂರಿನಲ್ಲೂ ಒಬ್ಬ ಆಯಿ ಇದ್ದಾರೆ, ಔಷಧಿ ಅಂಗಡಿಯಲ್ಲಿ ದುಡ್ಡು ಇಟ್ಟು ಬರುವ ಒಬ್ಬ ಅಪ್ಪ ಇದ್ದಾರೆ. ಅವರು ಮಾಡಿದ್ದನ್ನು ಮನೆಯಲ್ಲಿ ಮಕ್ಕಳಿಗೆ ಹೇಳಿ. ಹೆಸರು ಹೇಳಬೇಡಿ.